ಹೊಚ್ಚ ಹೊಸ ಹಳೇ ಕಾರು

ಹಳೇ ಕಾರು ಮಾರೋದನ್ನ ಇಂಗ್ಲೆಂಡಿನವರಿಂದ ಕಲಿಯಬೇಕು. ನಾವು ಹಳೇ ಕಾರು ಮಾರುವಾಗ 'ಹೊಸದರ ಹಾಗೇ ಇದೆ' ಅಂತ ಸುಳ್ಳು ಹೇಳುತ್ತೇವೆ. ಅವರು ಹೊಸ ಕಾರು ಕಟ್ಟಿ, ಇದು ಹಳೇದೇ ಅಂತ ಆಣೆ ಪ್ರಮಾಣ ಮಾಡುತ್ತಾರೆ.

ಎಂಜಿಬಿಯನ್ನೇ ತಗೊಳ್ಳಿ. ಛಾವಣಿ ಮಡಚಿಡುವ ಪುಟ್ಟ ಸ್ಪೋರ್ಟ್ಸ್ ಕಾರು. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಜಾಸ್ತಿ ಹೊರಬಂದವು. ನೋಡೋಕೆ ಚೆಂದ, ಆದರೆ ಹುಟ್ಟಿದ್ದು ಸದಾ ಮಳೆ ಬರುವ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ದೇಶದಲ್ಲಿ. ಉಪ್ಪಿನಕಾಯಿ ಜಾಡಿಗೆ ಬಿದ್ದ ಮೊಳೆಯ ಗತಿ. ಬಾಗಿಲ ಕೆಳಗಿನ ಪಟ್ಟಿಯನ್ನು ತುಕ್ಕು ಒಳಗಿಂದಲೇ ತಿನ್ನುತ್ತದೆ. ಹೊರಗೆ ಪೇಂಟ್ ಮಿನುಗುತ್ತಿರುತ್ತದೆ, ಬೆರಳಿಟ್ಟರೆ ಬೆರಳು ಒಳಗೆ.

ಅಲ್ಲಿಂದ ರೆಸ್ಟೋರೇಶನ್, ಅಂದರೆ ಹಳೇ ಕಾರನ್ನು ಮೊದಲಿನ ಹಾಗೆ ಮಾಡೋ ಕೆಲಸ, ಶುರು. ಮುಗಿದ ಮೇಲೆ ಜಾಹೀರಾತು ಸಾಮಾನ್ಯವಾಗಿ ಹೀಗಿರುತ್ತದೆ: ಬಾಡಿ ಹೊಸದು, ವೈರಿಂಗ್ ಹೊಸದು, ಸೀಟಿನ ಚರ್ಮ ಹೊಸದು, ಎಂಜಿನ್ ಬಿಚ್ಚಿ ಕಟ್ಟಿದ್ದು, ಕಾರು ಮಾತ್ರ ಪಕ್ಕಾ ಒರಿಜಿನಲ್.

ಬಾಡಿ ಹೊಸದು ಅಂದರೆ ತೇಪೆ ಹಾಕಿದ್ದು ಅಂದುಕೊಳ್ಳಬೇಡಿ. ಇಡೀ ಬಾಡಿಯೇ ಅಂಗಡಿಯ ಮಾಲು. 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಅನ್ನುವ ಸಂಸ್ಥೆ ಹಳೇ ಅಚ್ಚುಗಳನ್ನು ಹುಡುಕಿ ತಂದು ಎಂಜಿಬಿಯ ಬಾಡಿಯನ್ನು ಮತ್ತೆ ಒತ್ತೋಕೆ ಶುರು ಮಾಡಿತು. ಇಡ್ಲಿ ತಟ್ಟೆ ಅಜ್ಜಿಯ ಕಾಲದ್ದು, ಹಾಗಾಗಿ ಇವತ್ತು ಬೆಂದ ಇಡ್ಲಿಯೂ ಅಜ್ಜಿಯ ಕಾಲದ್ದೇ. ಸರಿ ಅಲ್ವಾ?

ಹಾಗಾದರೆ ಒರಿಜಿನಲ್ ಅಂತ ಉಳಿದದ್ದೇನು? ಒಂದು ನಂಬರ್, ಒಂದಿಷ್ಟು ಕಾಗದ ಪತ್ರ, ಮತ್ತೆ ತುಕ್ಕಿನ ಫೋಟೋಗಳು. ಕೊಳ್ಳೋಕೆ ಬಂದವನ ಕೈಗೆ ಮಾರುವವನು ದಪ್ಪ ಫೈಲ್ ಇಡುತ್ತಾನೆ. ಅದರಲ್ಲಿ ತೂತು ಬಿದ್ದ ತಗಡಿನ ಫೋಟೋ ಇಪ್ಪತ್ತು, ಬಿಲ್ಲುಗಳು ಇನ್ನೂರು. ಬಿಲ್ಲುಗಳ ಮೊತ್ತ ಕೂಡಿದರೆ ಎಷ್ಟೋ ಸಲ ಕಾರಿನ ಬೆಲೆಯನ್ನೇ ಮೀರುತ್ತದೆ. ಮೂಗಿಗಿಂತ ಮೂಗುತಿ ಭಾರ. ಬಂದವನೂ ಕಮ್ಮಿ ಇಲ್ಲ. ಜೇಬಿನಿಂದ ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತ ತೆಗೆದು ಕಾರಿನ ಮೈ ಮೇಲೆಲ್ಲಾ ಆಡಿಸುತ್ತಾನೆ. ಅದು ಜಾರಿ ಬಿದ್ದ ಕಡೆ ಒಳಗೆ ತಗಡಿಲ್ಲ, ಪುಟ್ಟಿ ಇದೆ ಅಂತ ಅರ್ಥ. ಕಾರಿನ ಕೆಳಗೊಂದು ರಟ್ಟು ಹಾಸಿರುತ್ತದೆ, ಅದರ ಮೇಲೆ ಎಣ್ಣೆಯ ಕಲೆ. ಅದರ ಬಗ್ಗೆ ಇಬ್ಬರೂ ಮಾತೆತ್ತುವುದಿಲ್ಲ.

ಇನ್ನೊಂದು ತಮಾಷೆ. ಅಮೆರಿಕದ ಕಾನೂನಿಗಾಗಿ 1974ರಿಂದ ಎಂಜಿಬಿಗೆ ದಪ್ಪನೆಯ ಕಪ್ಪು ಬಂಪರ್ ಬಂತು. ಈಗ ಎಷ್ಟೋ ಜನ ಅದನ್ನು ಕಿತ್ತು, ಹಿಂದಿನ ಮಾಡೆಲ್ಲಿನ ಕ್ರೋಮ್ ಬಂಪರ್ ಹಾಕಿಸುತ್ತಾರೆ. ಕಾರ್ಖಾನೆಯೇ ಕೊಟ್ಟಿದ್ದನ್ನು ತೆಗೆದ ಮೇಲೆ ಕಾರು ಒರಿಜಿನಲ್ಲಾಗಿ ಕಾಣುತ್ತದಂತೆ!

ಸರ್ಕಾರವೂ ಆಟಕ್ಕೆ ಸೇರಿದೆ. ನಲವತ್ತು ವರ್ಷ ದಾಟಿದ ಕಾರಿಗೆ ಅಲ್ಲಿ ರಸ್ತೆ ತೆರಿಗೆ ಮಾಫಿ. ದೊಡ್ಡ ಬದಲಾವಣೆ ಆಗಿರದಿದ್ದರೆ ವರ್ಷಕ್ಕೊಮ್ಮೆಯ ತಪಾಸಣೆಯೂ ಬೇಡ. ಮುದುಕರಿಗೆ ಬಿಪಿ ನೋಡೋದು ಬೇಡ ಅಂದ ಹಾಗಾಯ್ತು.

ಎಂಜಿಬಿಯವರು ಪಾಪ, ಮಧ್ಯಮ ವರ್ಗ. ನಿಜವಾದ ಪವಾಡ ನೋಡಬೇಕಾದರೆ ಜಾಗ್ವಾರ್ ಬಾಗಿಲಿಗೆ ಹೋಗಬೇಕು. 1957ರ ಫೆಬ್ರವರಿಯಲ್ಲಿ ಕೊವೆಂಟ್ರಿಯ ಕಾರ್ಖಾನೆಗೆ ಬೆಂಕಿ ಬಿದ್ದು ಎಕ್ಸ್‌ಕೆಎಸ್‌ಎಸ್ ಅನ್ನೋ ಮಾಡೆಲ್ಲಿನ ಒಂಬತ್ತು ಕಾರುಗಳು ಸುಟ್ಟುಹೋದವು. ಸುಮಾರು ಅರವತ್ತು ವರ್ಷ ಬಿಟ್ಟು, 2016ರಲ್ಲಿ, ಕಂಪನಿ ಆ ಒಂಬತ್ತನ್ನೂ ಕಟ್ಟಿ ಕೊಡುತ್ತೇವೆ ಅಂತ ಸಾರಿತು. ಒಂದೊಂದಕ್ಕೆ ಹತ್ತು ಲಕ್ಷ ಪೌಂಡಿಗೂ ಮೇಲೆ. ಸತ್ತವರಿಗೆ ನಾವು ಶ್ರಾದ್ಧ ಮಾಡುತ್ತೇವೆ, ಅವರು ನಾಮಕರಣ ಮಾಡಿದರು. ಅಷ್ಟೊತ್ತಿಗೆ ಮನೆಯ ಯಜಮಾನರು ನಮ್ಮ ಟಾಟಾದವರು, 2008ರಿಂದ. ತಿಥಿ, ನಕ್ಷತ್ರ ಅವರಿಗಾದರೂ ಗೊತ್ತಿರಬೇಕಿತ್ತು.

ಆಸ್ಟನ್ ಮಾರ್ಟಿನ್ ಇನ್ನೂ ಒಂದು ಹೆಜ್ಜೆ ಮುಂದೆ. 1964ರ 'ಗೋಲ್ಡ್‌ಫಿಂಗರ್' ಸಿನಿಮಾದಲ್ಲಿ ಜೇಮ್ಸ್ ಬಾಂಡ್ ಓಡಿಸಿದ ಡಿಬಿ5 ಇದೆಯಲ್ಲ, ಅದರ ಹಾಗೇ 25 ಕಾರು ಮಾಡಿ ಗಿರಾಕಿಗಳಿಗೆ ಮಾರಿದರು. ಬೆಲೆ 27.5 ಲಕ್ಷ ಪೌಂಡ್, ತೆರಿಗೆ ಬೇರೆ. ಮುಂದೆ ಆಟಿಕೆಯ ಮಷಿನ್ ಗನ್. ಪೊಲೀಸರ ಕಣ್ಣು ತಪ್ಪಿಸೋಕೆ ಗುಂಡಿ ಒತ್ತಿದರೆ ತಿರುಗುವ ನಂಬರ್ ಪ್ಲೇಟ್. ಆದರೆ ಕಾರನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ಪರವಾನಗಿಯೇ ಇಲ್ಲ. ನಂಬರ್ರೂ ಇಲ್ಲ, ಪೊಲೀಸೂ ಇಲ್ಲ, ಪ್ಲೇಟ್ ಮಾತ್ರ ಸುಮ್ನೆ ಗರಗರ ತಿರುಗುತ್ತದೆ.

ಹಿಂದಿನಿಂದ ಅಟ್ಟಿಸಿಕೊಂಡು ಬರುವವರು ಜಾರಿ ಬೀಳಲಿ ಅಂತ ಎಣ್ಣೆ ಚೆಲ್ಲುವ ಏರ್ಪಾಡೂ ಇದೆ. ಅದೂ ನಾಟಕದ್ದೇ. ಅಷ್ಟು ದುಡ್ಡು ಸುರಿಯೋ ಮೊದಲು ಅವರು ಆ ಎಂಜಿಬಿಯ ಕೆಳಗಿನ ರಟ್ಟನ್ನು ಒಮ್ಮೆ ನೋಡಬಾರದಿತ್ತಾ? ಅಲ್ಲಿ ಅಸಲಿ ಎಣ್ಣೆ, ಬಿಟ್ಟಿಯಾಗಿ, ಗುಂಡಿ ಒತ್ತದೆಯೇ ಸುರಿಯುತ್ತದೆ.