ಚಿಂಪಾಂಜಿಗೂ ನಮಗೂ ಬರೀ 1% ವ್ಯತ್ಯಾಸವೇ?

‘ನಮ್ಮ ಡಿಎನ್‌ಎ 99% ಚಿಂಪಾಂಜಿಯದ್ದೇ, ನಾವು ಅದರಿಂದಲೇ ಬಂದವರು’ ಎಂಬ ಮೆಸೇಜು ಮತ್ತೆ ಮತ್ತೆ ಬರುತ್ತಿರುತ್ತದೆ. ಸಂಖ್ಯೆ ಪೂರ್ತಿ ಸುಳ್ಳಲ್ಲ, ಅದಕ್ಕೇ ಜನ ನಂಬುತ್ತಾರೆ. ಆದರೆ ಅದು ಅರ್ಧ ಲೆಕ್ಕ.

ಡಿಎನ್‌ಎಯನ್ನು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಉದ್ದನೆಯ ಸಾಲಾಗಿ ಬರೆಯುತ್ತಾರೆ. ಒಂದು ಕಡೆ ‘ಎ ಟಿ ಜಿ ಸಿ ಎ’, ಇನ್ನೊಂದು ಕಡೆ ‘ಎ ಜಿ ಸಿ ಎ’ ಇದೆ ಅಂದುಕೊಳ್ಳಿ. ಸುಮ್ನೆ ಒಂದರ ಕೆಳಗೊಂದು ಬರೆದರೆ ಮೊದಲ ಅಕ್ಷರ ಮಾತ್ರ ಹೊಂದುತ್ತದೆ. ಎರಡನೇ ಸಾಲಿನ ಮೊದಲ ‘ಎ’ ಆದಮೇಲೆ ಒಂದು ಜಾಗ ಖಾಲಿ ಬಿಡಿ, ನಾಲ್ಕೂ ಹೊಂದುತ್ತವೆ! ಈ ಖಾಲಿ ಜಾಗ ಎಲ್ಲಿ ಬಿಡಬೇಕೆಂದು ಹುಡುಕುವುದೇ ಅಲ್ಗಾರಿದಮ್ (ಕಂಪ್ಯೂಟರ್ ಹಂತ ಹಂತವಾಗಿ ಮಾಡುವ ಲೆಕ್ಕ) ಕೆಲಸ. 2005ರಲ್ಲಿ ಮನುಷ್ಯ ಮತ್ತು ಚಿಂಪಾಂಜಿಯ ಡಿಎನ್‌ಎಯನ್ನು ಹೀಗೆ ಹೋಲಿಸಿದಾಗ, ಹೊಂದಿದ ಭಾಗಗಳಲ್ಲಿ ಬದಲಾದ ಅಕ್ಷರಗಳು ಸುಮಾರು 1.2%. ಅಂದರೆ ಮೂರೂವರೆ ಕೋಟಿ ಅಕ್ಷರ! ಖಾಲಿ ಜಾಗಗಳನ್ನೂ ಎಣಿಸಿದರೆ ವ್ಯತ್ಯಾಸ ಇನ್ನೂ ಜಾಸ್ತಿ.

ನಾವು ಚಿಂಪಾಂಜಿಯಿಂದ ಬಂದವರೂ ಅಲ್ಲ, ಇಬ್ಬರಿಗೂ ಪೂರ್ವಜ ಒಂದೇ. ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳಿಗೆ ಅಜ್ಜ ಒಬ್ಬನೇ ಅಲ್ವಾ, ಹಾಗೆ.

ಇಂಥ ಪರ್ಸೆಂಟ್ ಕಂಡರೆ ‘ಯಾವುದರಲ್ಲಿ?’ ಎಂದು ಕೇಳಿ. ಪೂರ್ತಿ ಜೀನೋಮಿನಲ್ಲೋ (ಅಂದರೆ ಜೀವಿಯ ಇಡೀ ಡಿಎನ್‌ಎ), ಹೊಂದಿದ ಭಾಗದಲ್ಲೋ? ಬ್ಲಾಸ್ಟ್ ಎಂಬ ಉಚಿತ ಆನ್‌ಲೈನ್ ಸಾಧನದಲ್ಲಿ ನೀವೇ ಒಂದು ಜೀನ್ (ಡಿಎನ್‌ಎಯ ಒಂದು ತುಣುಕು) ಹೋಲಿಸಬಹುದು. ಎಷ್ಟು ಹೊಂದಿತು ಎಂಬುದರ ಜೊತೆಗೆ ಎಷ್ಟು ಭಾಗ ಹೋಲಿಕೆಗೆ ಸಿಕ್ಕಿತು ಎಂಬುದನ್ನೂ ಅದು ತೋರಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿ.