ನೆಲ ನಿಜಕ್ಕೂ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗುಡ್ಡಗಾಡಿನ ದೂರಗುರಿ ಸ್ಪರ್ಧೆಗೆ ಕೋವಿ ಹೊತ್ತು ಹೋದವರಿಗೆ ಈ ಗಾದೆ ಹೇಳಿ ನಗಾಡುವ ಹಾಗಿಲ್ಲ. ಅಲ್ಲಿ ನೆಲ ನಿಜಕ್ಕೂ ಡೊಂಕು. ಗಾಳಿ ತೆಳು, ಗುರಿ ಒಂದೋ ನೆತ್ತಿಯ ಮೇಲೆ, ಇಲ್ಲವೇ ಕಾಲಕೆಳಗಿನ ಕಣಿವೆಯಲ್ಲಿ. ಇಷ್ಟೊಂದು ನೆವ ಕೈಗೆಟಕುವ ಆಟ ಇನ್ನೊಂದಿಲ್ಲ. ಆದರೂ ಗುಂಡು ತಪ್ಪುವುದು ಹೆಚ್ಚಾಗಿ ಕೋವಿಯ ಕುದುರೆ (ಟ್ರಿಗರ್) ಎಳೆಯುವುದಕ್ಕೆ ಹತ್ತು ನಿಮಿಷ ಮೊದಲೇ.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ರ್‍ಯಾಟನ್ ಎಂಬ ಊರಿನ ಪಕ್ಕ ವಿಟಿಂಗ್ಟನ್ ಸೆಂಟರ್ ಇದೆ. ಸುಮಾರು 33,000 ಎಕರೆಯ ಗುಂಡು ಹೊಡೆಯುವ ಬಯಲು. ಅಲ್ಲಿ 1,123 ಗಜ ದೂರದಲ್ಲಿ ಬಿಳಿ ಬಣ್ಣ ಬಳಿದ ಉಕ್ಕಿನ ಕಾಡುಕೋಣವೊಂದು ನಿಂತಿದೆ. ಬಂದವರೆಲ್ಲ ಅದಕ್ಕೊಂದು ಗುಂಡು ಹೊಡೆದು ನೋಡುವವರೇ. ಕೋಣನ ಮುಂದೆ ಕಿನ್ನರಿ ಬಾರಿಸುವುದು ಅಂದರೆ ಏನೆಂದು ಹೊಸಬರಿಗೆ ಅರ್ಥವಾಗುವುದು ಅಲ್ಲೇ.

ಆ ಜಾಗ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ತುಸು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅನ್ನ ಬೇಯಲು ಸತಾಯಿಸುತ್ತದೆ. ಅನ್ನ ಅರೆಬೆಂದಲ್ಲಿ ಗುಂಡು ಮೇಲೆ ಹೋಗುತ್ತದೆ. ಎರಡಕ್ಕೂ ಕಾರಣ ಒಂದೇ, ಗಾಳಿಯ ಒತ್ತಡ ಕಡಿಮೆ. 6.5 ಕ್ರೀಡ್‌ಮೋರ್ ತೋಟಾದ ಕೋವಿಯನ್ನು ಸಮುದ್ರಮಟ್ಟದಲ್ಲಿ ಸಾವಿರ ಗಜಕ್ಕೆ ಎಷ್ಟು ಎತ್ತಿ ಹಿಡಿಯಬೇಕೋ ಅದರಲ್ಲಿ ಇಲ್ಲಿ ಸುಮಾರು ಒಂದು ಮಿಲ್ ಉಳಿತಾಯ. ಮಿಲ್ ಎಂಬುದು ಸ್ಕೋಪಿನ, ಅಂದರೆ ಕೋವಿಯ ಮೇಲಿನ ಗುರಿದುರ್ಬೀನಿನ, ಕೋನದ ಅಳತೆ. ಒಂದು ಮಿಲ್ ಅಂದರೆ ಆ ದೂರದಲ್ಲಿ 36 ಇಂಚು, ಮೂರು ಅಡಿ.

ಅನಾಹುತ ನಡೆಯುವುದು ಫೋನಿನಲ್ಲಿ. ಹವಾಮಾನ ತೋರಿಸುವ ಆ್ಯಪ್ ಗಾಳಿಯ ಒತ್ತಡ ಪಾದರಸದ 30.1 ಇಂಚು ಎನ್ನುತ್ತದೆ, ನಮ್ಮವರು ಅದನ್ನೇ ಗುಂಡಿನ ಹಾದಿ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಆ್ಯಪ್ಪಿಗೆ ತುಂಬುತ್ತಾರೆ. ಆ ಅಂಕಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ನಿಂತ ಜಾಗದ ನಿಜವಾದ ಒತ್ತಡ 23ರ ಆಸುಪಾಸು. ಬೆಟ್ಟದ ಮೇಲೆ ನಿಂತವನಿಗೆ ಫೋನು ಮಂಗಳೂರಿನ ಲೆಕ್ಕ ಕೊಟ್ಟಿದೆ. ಗುಂಡು ಗುರಿಯ ಹಲಗೆಯ ಮೂರು ಅಡಿ ಮೇಲೆ ಹಾರಿ ಹಿಂದಿನ ಗುಡ್ಡದಲ್ಲಿ ಧೂಳೆಬ್ಬಿಸುತ್ತದೆ. ಆಮೇಲೆ ಸ್ಕೋಪ್ ಸರಿಯಿಲ್ಲ ಎಂಬ ಚರ್ಚೆ ಊಟದ ತನಕ.

ಲೆಕ್ಕದ ಇನ್ನೊಂದು ಗುಂಡಿ ನಿಯಮಪುಸ್ತಕದಲ್ಲೇ ಇದೆ. ಎನ್‌ಆರ್‌ಎಲ್ ಹಂಟರ್ ಎಂಬ ಅಮೆರಿಕದ ಸ್ಪರ್ಧಾಸರಣಿಯ ಮಾದರಿಯಲ್ಲಿ ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ಹಿಡಿದು ಗುಣಿಸಿದರೆ 3,80,000 ದಾಟಬೇಕು. 140 ಗ್ರೇನ್ ಗುಂಡು 2,710 ಅಡಿ ವೇಗದಲ್ಲಿ ಹೊರಟರೆ ಎಷ್ಟು? 3,79,400. ಆರುನೂರು ಕಡಿಮೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಮಾರ್ಕಿಗೆ ಫೇಲಾದವರಿಗೆ ಈ ಸಂಕಟ ಗೊತ್ತು.

ಇನ್ನು ಆಟ. ಇಲ್ಲಿ ಸರದಿ ಬರುವ ತನಕ ಗುರಿ ಎಲ್ಲಿದೆ, ಎಷ್ಟು ದೂರ, ಯಾರೂ ಹೇಳುವುದಿಲ್ಲ. ಕರೆದಾಗ ಹೋಗಬೇಕು, ಗಡಿಯಾರ ಶುರು, ಒಟ್ಟು ನಾಲ್ಕು ನಿಮಿಷ. ಅಷ್ಟರಲ್ಲಿ ಹುಡುಕಬೇಕು, ದೂರ ಅಳೆಯಬೇಕು, ಮಲಗಬೇಕು, ಹೊಡೆಯಬೇಕು. ನಾಲ್ಕು ಗುರಿಯ ಸುತ್ತಾದರೆ ಎಂಟು ಗುಂಡು. ಮೊದಲ ಏಟಿಗೆ ತಾಗಿದರೆ ಎರಡು ಅಂಕ, ಎರಡನೆಯದಕ್ಕೆ ಒಂದು.

ಮೊದಲ ಒಂದೂವರೆ ನಿಮಿಷ ದುರ್ಬೀನಿಗೆ ಹೋಗುತ್ತದೆ. ದುರ್ಬೀನನ್ನು ಟ್ರೈಪಾಡ್ ಮೇಲೆ ಕೂರಿಸಿದವರಿಗೆ ಗುರಿ ಕಾಣುತ್ತದೆ. ಕೈಯಲ್ಲಿ ಹಿಡಿದವರಿಗೆ ಏರಿ ಬಂದ ಏದುಸಿರಿನಲ್ಲಿ ಇಡೀ ಬೆಟ್ಟವೇ ತೇರಿನ ಹಾಗೆ ಓಲಾಡುತ್ತದೆ. ಕಂಡ ಮೇಲೆ ರೇಂಜ್‌ಫೈಂಡರ್ ಒತ್ತಬೇಕು. ಅದರ ಲೇಸರ್ ಕಿರಣ ದೂರ ಹೋದಷ್ಟೂ ಅಗಲವಾಗುತ್ತದೆ. ಸಣ್ಣ ಹಲಗೆಯನ್ನು ಬಿಟ್ಟು ಮುಂದಿನ ಹುಲ್ಲನ್ನೋ ಹಿಂದಿನ ದಿಬ್ಬವನ್ನೋ ಅಳೆದು ಬರುತ್ತದೆ. 700 ಗಜದ್ದನ್ನು 780 ಎಂದು ನಂಬಿದರೆ ಒಂದೂವರೆ ಅಡಿಗೂ ಮೀರಿ ಮೇಲೆ ಹೋಯಿತು. ಮೂರು ಸಲ ಒತ್ತಿ, ಪಕ್ಕದ ಬಂಡೆಯನ್ನೂ ಅಳೆದು ತಾಳೆ ನೋಡಬೇಕು ಎಂದು ಎಲ್ಲರಿಗೂ ಗೊತ್ತು. ಗಡಿಯಾರ ಓಡುವಾಗ ಗೊತ್ತಿದ್ದದ್ದು ನೆನಪಿರುವುದಿಲ್ಲ, ಅಷ್ಟೇ.

ಮಲಗುವುದು ಅದಕ್ಕಿಂತ ಪೇಚು. ಕಣಿವೆಗೆ ಗುರಿಯಿಟ್ಟರೆ ಕೋವಿಯ ಹಿಂಭಾಗ ಮೇಲೇಳುತ್ತದೆ, ಹಿಂದೆ ಇಡುವ ಪುಟ್ಟ ಚೀಲ ಸಾಲದೆ ಬೆನ್ನಚೀಲವನ್ನೇ ತುರುಕಬೇಕಾಗುತ್ತದೆ. ಮೇಲಕ್ಕೆ ಗುರಿಯಿಟ್ಟರೆ ಹಿಂಭಾಗ ಮಣ್ಣಿಗೆ ಹೂತು, ಕೋವಿಯ ಮುಂದಿನ ಎರಡು ಬೈಪಾಡ್ ಕಾಲನ್ನು ಪೂರಾ ಎಳೆದರೂ ಮೂತಿ ಏಳುವುದಿಲ್ಲ. ಹೇಗೋ ಮಲಗಿದಿರಿ ಅನ್ನಿ. ಸ್ಕೋಪಿನಲ್ಲಿ ಗುರಿ ಸ್ವಚ್ಛ, ಉಸಿರು ಅರ್ಧ ಬಿಟ್ಟು ಕುದುರೆ ಒತ್ತುತ್ತೀರಿ. ಫಟ್ ಎಂದು ಮುಖದ ತುಂಬ ಕಲ್ಲಿನ ಪುಡಿ. ಸ್ಕೋಪು ನಳಿಗೆಗಿಂತ ಎರಡು ಇಂಚು ಮೇಲಿರುತ್ತದೆ. ಕಣ್ಣಿಗೆ ಕಂಡದ್ದು ಹಲಗೆ, ನಳಿಗೆಗೆ ಕಂಡದ್ದು ಎದುರಿನ ಬಂಡೆ. ಗುಂಡು ಹೊಡೆಯುವ ಮುನ್ನ ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟ್ ತೆಗೆದು ನಳಿಗೆಯ ಮೂಲಕ ಇಣುಕಿದರೆ ಗೊತ್ತಾಗುತ್ತಿತ್ತು. ಅದಕ್ಕೆ ಬಿಡುವಿಲ್ಲದಿದ್ದರೆ ತಲೆಯನ್ನು ಒಂದು ಗೇಣು ಎತ್ತಿ ನೋಡಿದರೂ ಸಾಕಿತ್ತು.

ಡೊಂಕು ನೆಲದ ಕಾಟ ಇಲ್ಲೇ. ಇಳಿಜಾರಿನಲ್ಲಿ ಮಲಗಿದಾಗ ಕಣ್ಣು ಬೆಟ್ಟದ ಓರೆಯನ್ನೇ ಸಮ ಎಂದುಕೊಂಡು ಕೋವಿಯನ್ನು ಅತ್ತ ವಾಲಿಸುತ್ತದೆ. ಐದು ಡಿಗ್ರಿ ವಾಲಿದರೂ ಸಾವಿರ ಗಜದಲ್ಲಿ ಗುಂಡು ಎರಡು ಅಡಿ ಪಕ್ಕಕ್ಕೆ. ಸ್ಕೋಪಿಗೆ ಮೇಸ್ತ್ರಿಯ ಮಟ್ಟಗೋಲಿನ ಹಾಗೆ ನೀರ್ಗುಳ್ಳೆ ಹಾಕಿರುತ್ತಾರೆ. ಹಾಕಿದ್ದನ್ನು ನೋಡಬೇಕು ಎಂಬುದು ಬೇರೆ ವಿಷಯ.

ಸ್ಕೋಪಿನ ಮೇಲೆ ಎತ್ತರ ಹೊಂದಿಸುವ ಬಿರಡೆ ಇದೆ, ಟರೆಟ್ ಅನ್ನುತ್ತಾರೆ. ಅದನ್ನು ತಿರುಗಿಸುವುದರಲ್ಲಿ ಇನ್ನೊಂದು ಸೊಗಸಾದ ಎಡವಟ್ಟು ಇದೆ. ಒಂದು ಸುತ್ತಿಗೆ ಹತ್ತು ಮಿಲ್. ದೂರದ ಗುರಿಗೆ 7.8ಕ್ಕೆ ತಿರುಗಿಸಿದ್ದೀರಿ, ಮುಗಿಯಿತು, ಸೊನ್ನೆಗೆ ಮರಳಬೇಕು. ಗಡಿಬಿಡಿಯಲ್ಲಿ ಹಿಂದಕ್ಕೆ ತಿರುಗಿಸುವ ಬದಲು ಮುಂದಕ್ಕೆ 2.2 ತಿರುಗಿಸಿದರೆ ಅಲ್ಲೂ ಸೊನ್ನೆಯೇ ಕಾಣುತ್ತದೆ! ಮುಂದಿನ 400 ಗಜದ ಸುಲಭದ ಗುರಿಗೆ ಗುಂಡು ಹನ್ನೆರಡು ಅಡಿ ಮೇಲೆ. ಎಲ್ಲಿ ಬಿತ್ತೆಂದು ಯಾರಿಗೂ ಕಾಣುವುದಿಲ್ಲ, ನೋಡುತ್ತಿದ್ದವರು ಮರ್ಯಾದೆಗೆ ‘ಗಾಳಿ ಇರಬೇಕು’ ಅನ್ನುತ್ತಾರೆ.

ಮೇಲಕ್ಕೆ ಹೊಡೆದರೆ ಗುಂಡು ಕೆಳಗೆ ಬೀಳುತ್ತದೆ, ಕೆಳಕ್ಕೆ ಹೊಡೆದರೆ ಮೇಲೆ ಹೋಗುತ್ತದೆ ಎಂದು ವಾದಿಸುವವರು ಪ್ರತಿ ಸ್ಪರ್ಧೆಯಲ್ಲೂ ಒಬ್ಬರಾದರೂ ಇರುತ್ತಾರೆ. ಎರಡರಲ್ಲೂ ಮೇಲೇ ಹೋಗುತ್ತದೆ. ಗುಂಡು ಎಷ್ಟು ಇಳಿಯುತ್ತದೆಂಬುದು ಹೆಚ್ಚುಕಡಿಮೆ ಓರೆಯಾಗಿ ಅಳೆದದ್ದಕ್ಕಲ್ಲ, ಸಮಮಟ್ಟದಲ್ಲಿ ಅಡ್ಡಲಾಗಿ ಅಳೆದ ದೂರಕ್ಕೆ ಸಂಬಂಧಪಟ್ಟದ್ದು. 30 ಡಿಗ್ರಿ ಓರೆಯಲ್ಲಿ 600 ಗಜ ಅಂದರೆ ಹೊಡೆಯಬೇಕಾದ್ದು 520ರ ಲೆಕ್ಕ. ಈಗಿನ ರೇಂಜ್‌ಫೈಂಡರ್‌ಗಳು ಈ ಕಳೆತ ತಾವೇ ಮಾಡಿಕೊಡುತ್ತವೆ. ಕೆಲವರು ಆ 520ನ್ನು ಆ್ಯಪ್‌ಗೆ ತುಂಬಿ, ಓರೆಯನ್ನೂ ತುಂಬಿ, ಎರಡನೇ ಸಲ ಕಳೆದು 450ಕ್ಕೆ ಇಳಿಸುತ್ತಾರೆ. ಗುಂಡು ಹಲಗೆಯ ಕಾಲಬುಡ ಸೇರುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಈಡು ಹೊಡೆಯುವ ಕೊಡಗಿನವರಿಗೆ ಈ ಕರ್ಮವಿಲ್ಲ. ಹತ್ತಾರು ಗಜದಲ್ಲಿ ಓರೆಯೂ ಇಲ್ಲ, ಕಳೆತವೂ ಇಲ್ಲ. ಕಾಯಿ ಒಡೆಯಿತು, ಇಲ್ಲ ಒಡೆಯಲಿಲ್ಲ.

ಗಾಳಿಯ ವಿಷಯಕ್ಕೆ ಬಂದರೆ ಎಲ್ಲರೂ ವಿನಯವಂತರು. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಸಾವಿರ ಗಜದಲ್ಲಿ ಗುಂಡನ್ನು ಸುಮಾರು ಐದು ಅಡಿ ತಳ್ಳುತ್ತದೆ, ಹಲಗೆಯ ಅಗಲ ಎರಡು ಅಡಿ. ಕೈಯಲ್ಲಿರುವ ಗಾಳಿಮಾಪಕ ಅಳೆಯುವುದು ನಿಮ್ಮ ಮೂಗಿನ ಮುಂದಿನದನ್ನು. ಕಣಿವೆಯ ನಡುವೆ ಗುಂಡು ನೆಲದಿಂದ ನೂರಾರು ಅಡಿ ಮೇಲೆ ಹಾಯುತ್ತದೆ, ಅಲ್ಲಿ ಬಾಗಿ ಹೇಳಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಬಿಸಿಲೇರಿದಂತೆ ಗಾಳಿ ಇಳಿಜಾರು ಹತ್ತುತ್ತದೆ, ಸಂಜೆ ತಂಪಾದ ಮೇಲೆ ಇಳಿಯುತ್ತದೆ. ಬೆಳಿಗ್ಗೆ ಬರೆದಿಟ್ಟ ಚೀಟಿ ಮಧ್ಯಾಹ್ನಕ್ಕೆ ಹಳೇ ಪಂಚಾಂಗ. ಇದರ ಮಧ್ಯೆ ಒಬ್ಬರು ಭೂಮಿ ತಿರುಗುವುದರಿಂದ ಗುಂಡು ತಪ್ಪಿತು ಅನ್ನುತ್ತಾರೆ. ಅದರಿಂದಾಗುವ ವ್ಯತ್ಯಾಸ ಕೆಲವೇ ಇಂಚು. ಆದರೆ ನೆಲ ಡೊಂಕು ಅನ್ನುವುದಕ್ಕಿಂತ ಭೂಮಂಡಲವೇ ಸರಿಯಿಲ್ಲ ಅನ್ನುವುದು ಘನವಾದ ನೆವ, ಒಪ್ಪಲೇಬೇಕು.

ತಮಾಷೆ ಇಲ್ಲದ ಒಂದೇ ಜಾಗ ಸುರಕ್ಷತೆ. ಒಂದೆಡೆಯಿಂದ ಇನ್ನೊಂದೆಡೆಗೆ ಏಳುವ ಮುನ್ನ ಬೋಲ್ಟ್ ಹಿಂದಕ್ಕೆ. ಮೂತಿ ಯಾರ ಕಡೆಗಾದರೂ ಹಾಯಿತೋ, ಕೋವಿ ಚೀಲಕ್ಕೆ, ನೀವು ಮನೆಗೆ. ವಾದವಿಲ್ಲ.

ಗುಂಡು ತಾಗಿದರೂ ತಕ್ಷಣ ಗೊತ್ತಾಗುವುದಿಲ್ಲ. ಸಾವಿರ ಗಜ ಹೋಗಲು ಒಂದೂವರೆ ಸೆಕೆಂಡು, ಟಣ್ ಎಂಬ ಸದ್ದು ಹಿಂದಿರುಗಲು ಇನ್ನೂ ಎರಡೂವರೆಗೂ ಹೆಚ್ಚು. ಆ ನಾಲ್ಕು ಸೆಕೆಂಡಿನಲ್ಲಿ ತಪ್ಪಿತೆಂದು ನಿರ್ಧರಿಸಿ, ಗಾಳಿಯನ್ನು ಬೈದು, ಎರಡನೇ ಗುಂಡನ್ನು ಬೇರೆಡೆಗೆ ಹೊಡೆದವರೂ ಇದ್ದಾರೆ.

ಸಮಯ ಮುಗಿದ ಮೇಲೆ ಎಲ್ಲರೂ ಇಳಿಜಾರಿನಲ್ಲಿ ಬಗ್ಗುತ್ತಾರೆ. ಖಾಲಿ ತೋಟಾದ ಹಿತ್ತಾಳೆ ಮತ್ತೆ ತುಂಬಿಸಲು ಬೇಕು, ಅದು ಉರುಳಿ ಪಾಪಾಸುಕಳ್ಳಿಯ ಬುಡ ಸೇರಿರುತ್ತದೆ. ದುರ್ಬೀನಿಟ್ಟು ನಾಲ್ಕು ನಿಮಿಷ ಹುಡುಕಿದರೂ ಎರಡಡಿಯ ಬಿಳಿ ಹಲಗೆ ಕಾಣದ ಕಣ್ಣಿಗೆ, ಮುಳ್ಳಿನ ಸಂದಿಯ ಎರಡಿಂಚಿನ ಹಿತ್ತಾಳೆ ಎಂಟಕ್ಕೆ ಎಂಟೂ ಕಾಣುತ್ತದೆ.