ಚಿಕ್ಕೋಡಿಯವರು ಡೆಟ್ರಾಯಿಟ್‌ನ ಶಾಸಕರಾದದ್ದು

ಅಮೆರಿಕದ ಮಿಷಿಗನ್ ರಾಜ್ಯದ ನಮ್ಮ ಕನ್ನಡಿಗರಲ್ಲಿ, ಇಲ್ಲಿ ಶಾಸಕರಾಗಿ ಗೆದ್ದ ಉದ್ಯಮಿ ಶ್ರೀ ಥಾಣೇದಾರ್ (‘ಶ್ರೀ’ ಅವರ ಹೆಸರೇ) ಮಾತು ಬಂದರೆ ಮೊದಲ ಪ್ರಶ್ನೆ, ‘ಅವರು ಮರಾಠಿಯವರಲ್ವಾ?’ ಹುಟ್ಟಿದ್ದು 1955ರಲ್ಲಿ ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ, ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಗಡಿ ಜಗಳವನ್ನು ಇಲ್ಲಿಯವರೆಗೂ ಹೊತ್ತು ತರುವ ನಮ್ಮ ಬುದ್ಧಿಗೆ ಏನೆನ್ನಲಿ!

ನನಗೆ ಕುತೂಹಲ ಬೇರೆಯದು. 1979ರಲ್ಲಿ ಓದಲು ಬಂದು, ರಸಾಯನಶಾಸ್ತ್ರದ ಪ್ರಯೋಗಾಲಯಗಳನ್ನು ನಡೆಸಿ ದುಡ್ಡು ಮಾಡಿದ ಮನುಷ್ಯ 2018ರಲ್ಲಿ ನೇರವಾಗಿ ಗವರ್ನರ್ ಹುದ್ದೆಗೇ (ಇಲ್ಲಿ ಅದು ನಮ್ಮ ಮುಖ್ಯಮಂತ್ರಿಯಂಥ ಚುನಾಯಿತ ಹುದ್ದೆ) ಕೈಹಾಕಿದರು. ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಹುರಿಯಾಳನ್ನು ಆರಿಸುವ ಚುನಾವಣೆಯಲ್ಲಿ, ಮೂರನೆಯವರಾದರು. ಆದರೆ ಡೆಟ್ರಾಯಿಟ್ ನಗರದಲ್ಲಿ ಹೆಚ್ಚು ಮತ ಬಿದ್ದದ್ದು ಅವರಿಗೇ. ಆನ್ ಆರ್ಬರ್ ಬಿಟ್ಟು ಡೆಟ್ರಾಯಿಟ್‌ಗೆ ಮನೆ ಬದಲಿಸಿದರು, 2020ರಲ್ಲಿ ರಾಜ್ಯದ ಕೆಳಮನೆಗೆ ಗೆದ್ದರು.

ನಮ್ಮಲ್ಲಾದರೆ ಬಿ ಫಾರಂಗಾಗಿ ಹೈಕಮಾಂಡ್ ಬಾಗಿಲು ಕಾಯಬೇಕು. ಇಲ್ಲಿ ನೂರು ಡಾಲರ್ ಶುಲ್ಕ ಕಟ್ಟಿದರೆ ಶಾಸಕ ಸ್ಥಾನದ ಪ್ರೈಮರಿಗೆ ಹೆಸರು ಬೀಳುತ್ತದೆ. ಪಕ್ಷದ ಹುರಿಯಾಳು ಯಾರೆಂಬುದನ್ನು ಮತದಾರರೇ ತೀರ್ಮಾನಿಸುತ್ತಾರೆ. ಮಿಷಿಗನ್‌ನಲ್ಲಿ ಆ ಮತದಾರರು ಪಕ್ಷದ ಸದಸ್ಯರೂ ಆಗಿರಬೇಕಿಲ್ಲ. ಈ ಪದ್ಧತಿ ನನಗೆ ಮೆಚ್ಚುಗೆ. ಕರ್ನಾಟಕದ ಯಾವ ಪಕ್ಷವೂ ಇದನ್ನು ಒಪ್ಪಲಿಕ್ಕಿಲ್ಲ, ಅದು ಬೇರೆ ಮಾತು.

ಆದರೆ ತೆರೆದ ಬಾಗಿಲಲ್ಲಿ ಮೊದಲು ನುಗ್ಗುವುದು ಹಣವೇ. ಗವರ್ನರ್ ಪ್ರಚಾರಕ್ಕೆ ಥಾಣೇದಾರ್ ಸುರಿದ ಸ್ವಂತ ದುಡ್ಡು ಒಂದು ಕೋಟಿ ಡಾಲರಿಗೂ ಹೆಚ್ಚು. ಟಿಕೆಟ್ ಕೊಳ್ಳುವ ಬದಲು ಟಿವಿ ಜಾಹೀರಾತು ಕೊಂಡರು, ಅಷ್ಟೇ. 2022ರಲ್ಲಿ ಅಮೆರಿಕ ಸಂಸತ್ತಿನ ಪ್ರೈಮರಿಯಲ್ಲಿ ಒಂಬತ್ತು ಜನ ನಿಂತಿದ್ದರು; ಶೇ 28ರಷ್ಟು ಮತಕ್ಕೆ ಗೆಲುವು ಇವರದಾಯಿತು. ಕಪ್ಪು ಜನರೇ ಬಹುಸಂಖ್ಯಾತರಾದ ಡೆಟ್ರಾಯಿಟ್‌ಗೆ ಸುಮಾರು 70 ವರ್ಷಗಳಲ್ಲಿ ಮೊದಲ ಬಾರಿ ಸಂಸತ್ತಿನಲ್ಲಿ ಕಪ್ಪು ಪ್ರತಿನಿಧಿ ಇಲ್ಲದಂತಾಯಿತು. ಅಲ್ಲಿಯವರ ಸಿಟ್ಟನ್ನು ‘ವಲಸಿಗರ ಮೇಲಿನ ಹೊಟ್ಟೆಕಿಚ್ಚು’ ಎಂದು ನಮ್ಮವರು ತಳ್ಳಿಹಾಕಿದಾಗ ನನಗೆ ಮುಜುಗರ. ಹೊರಗಿನ ಸಿರಿವಂತನೊಬ್ಬ ಹೀಗೆ ಬೆಳಗಾವಿಯಲ್ಲಿ ಗೆದ್ದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಇನ್ನು ಶಾಸಕರಾಗಿ ಅವರ ಸಾಧನೆ? 110 ಸದಸ್ಯರ ರಾಜ್ಯದ ಕೆಳಮನೆಯ ಅವಧಿಯೇ ಎರಡು ವರ್ಷ, ಬಹುಮತ ಆಗ ರಿಪಬ್ಲಿಕನ್ನರದು. ಕುರ್ಚಿ ಬಿಸಿಯಾಗುವ ಮುಂಚೆಯೇ ಮುಂದಿನ ಚುನಾವಣೆ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮ ಐದು ವರ್ಷವೇ ಲೇಸು.